ಓದಲು ಬಾರದ ಮಗು, ಶಾಲೆಗೆ ಬಾರದ ಮನಶ್ಶಾಸ್ತ್ರಜ್ಞ

ಮಗುವಿಗೆ ಜ್ವರ ಬಂದರೆ ನಾವು ವೈದ್ಯರಲ್ಲಿಗೆ ಧಾವಿಸುತ್ತೇವೆ. ಕರಿಹಲಗೆಯ ಮೇಲಿನ ಅಕ್ಷರ ಕಾಣುವುದಿಲ್ಲವೆಂದರೆ ಆ ವಾರದಲ್ಲೇ ಕನ್ನಡಕ ಕೊಡಿಸುತ್ತೇವೆ. ಆದರೆ ಅದೇ ಮಗು ನಾಲ್ಕನೆಯ ತರಗತಿಗೆ ಬಂದರೂ ಒಂದು ಪುಟವನ್ನು ತಡವರಿಸದೆ ಓದಲಾರದೆ ಹೋದಾಗ ನಮ್ಮಲ್ಲಿರುವ ಔಷಧಗಳು ಎರಡೇ: ಒಂದು ಟ್ಯೂಷನ್, ಇನ್ನೊಂದು ಪೆಟ್ಟು. ಎರಡರಿಂದಲೂ ಗುಣ ಕಾಣದಿದ್ದರೆ ಹಣೆಬರಹ. ಈ ಮೂರಕ್ಕೂ ಹೊರತಾದ ನಾಲ್ಕನೆಯ ಮಾರ್ಗವೊಂದಿದೆ, ಅದಕ್ಕೆಂದೇ ಶಿಕ್ಷಣ ಪಡೆದ ತಜ್ಞರಿದ್ದಾರೆ, ಅದಕ್ಕೆ ಕಾನೂನಿನ ಬೆಂಬಲವೂ ಇದೆ ಎಂಬ ವಿಷಯ ನಮ್ಮ ಪೈಕಿ ಬಹುಮಂದಿಗೆ ತಿಳಿಯದು. ತಿಳಿದವರಿಗೂ ಆ ತಜ್ಞರು ಸುಲಭವಾಗಿ ದೊರೆಯುವುದಿಲ್ಲ. ಈ ಲೇಖನದ ವಿಷಯ ಆ ಅಭಾವವೇ ಆಗಿದೆ.

ನಾನು ವೈದ್ಯನಲ್ಲ, ಮನಶ್ಶಾಸ್ತ್ರದ ವಿದ್ಯಾರ್ಥಿಯೂ ಅಲ್ಲ. ವಾಣಿಜ್ಯಶಾಸ್ತ್ರ ಓದಿ, ಇಪ್ಪತ್ತು ವರ್ಷಗಳಿಂದ ಬ್ಯಾಂಕಿನ ಕಡತಗಳ ನಡುವೆ ಕುಳಿತವನು. ಬೇಡಿಕೆ ಎಷ್ಟು, ಪೂರೈಕೆ ಎಷ್ಟು, ನಡುವಿನ ಕೊರತೆಯನ್ನು ಯಾರು ಭರಿಸುತ್ತಾರೆ ಎಂದು ಕೇಳುವುದು ನನ್ನ ವೃತ್ತಿಯ ಅಭ್ಯಾಸ. ಆ ದೃಷ್ಟಿಯಿಂದಲೇ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ರೋಗವೇನೆಂಬುದನ್ನು ಹೇಳಬೇಕು. ರೋಗವೆಂಬ ಪದವೂ ಇಲ್ಲಿ ಸರಿಯಲ್ಲ. ಬುದ್ಧಿ ಚುರುಕಾಗಿದ್ದು, ಕಣ್ಣು ಕಿವಿಗಳು ನೆಟ್ಟಗಿದ್ದು, ಶಾಲೆಗೆ ತಪ್ಪದೆ ಹೋಗುತ್ತಿದ್ದರೂ ಕೆಲವು ಮಕ್ಕಳಿಗೆ ಓದು, ಬರಹ ಅಥವಾ ಲೆಕ್ಕ ಕೈಗೆ ಹತ್ತುವುದಿಲ್ಲ. ಅಕ್ಷರಕ್ಕೂ ಅದರ ಧ್ವನಿಗೂ ಇರುವ ನಂಟು ಅವರ ಮಿದುಳಿನಲ್ಲಿ ಇತರರಷ್ಟು ಬೇಗ ಕೂಡಿಕೊಳ್ಳುವುದಿಲ್ಲ. ಇದನ್ನು ಕಲಿಕಾ ನ್ಯೂನತೆ ಎನ್ನುತ್ತಾರೆ. ಓದಿಗೆ ಸಂಬಂಧಿಸಿದ್ದು ಡಿಸ್ಲೆಕ್ಸಿಯಾ. 2007ರಲ್ಲಿ ತೆರೆಕಂಡ ‘ತಾರೇ ಜಮೀನ್ ಪರ್’ ಎಂಬ ಹಿಂದಿ ಚಲನಚಿತ್ರದಿಂದ ಈ ಹೆಸರು ಮನೆಮಾತಾಯಿತು. ಚಿತ್ರವನ್ನು ನೋಡಿ ಕಣ್ಣೊರೆಸಿಕೊಂಡವರು ಅನೇಕರು. ಆದರೆ ಆ ಚಿತ್ರದ ಬಾಲಕನಿಗೆ ದೊರೆತಂಥ ಗುರು ನಿಜ ಜೀವನದಲ್ಲಿ ಎಲ್ಲಿ ಸಿಗುತ್ತಾನೆಂದು ಕೇಳಿದವರು ವಿರಳ.

ನನ್ನ ಶಾಖೆಯ ಹಳೆಯ ಖಾತೆದಾರರೊಬ್ಬರು ಕುಂದಾಪುರದ ಕಡೆಯವರು, ಉಪಾಹಾರಗೃಹ ನಡೆಸುವವರು. ಒಂದು ದಿನ ಠೇವಣಿಯೊಂದನ್ನು ಅವಧಿಗೆ ಮುನ್ನವೇ ಮುರಿಸಲು ಬಂದರು. ಬಡ್ಡಿಯಲ್ಲಿ ನಷ್ಟವಾಗುತ್ತದೆ, ಅಂಥ ಅವಸರವೇನೆಂದು ಕೇಳಿದೆ. “ಮಗನಿಗೆ ಮೂರನೆಯ ಟ್ಯೂಷನ್ ರಾಯರೇ. ಇವನಿಗೆ ಸೋಮಾರಿತನವೊಂದನ್ನು ಬಿಟ್ಟು ಬೇರೆ ಕಾಯಿಲೆಯಿಲ್ಲ. ಇದೂ ಆಗದಿದ್ದರೆ ಎಂಟನೆಯದಕ್ಕೇ ಬಿಡಿಸಿ ಗಲ್ಲೆಯಲ್ಲಿ ಕೂರಿಸುತ್ತೇನೆ,” ಎಂದರು. ಆ ಹುಡುಗನನ್ನು ನಾನು ಬಲ್ಲೆ. ಸಂಜೆಯ ಜನಸಂದಣಿಯಲ್ಲಿ ಎಂಟು ಮೇಜುಗಳ ತಿಂಡಿಯ ಲೆಕ್ಕವನ್ನು ಕಾಗದವಿಲ್ಲದೆ ಬಾಯಲ್ಲೇ ಕೂಡಿಸಿ ಹೇಳುವವನು. ಅಂಥವನು ಸೋಮಾರಿ ಹೇಗಾದಾನು? ನನಗೆ ಪರಿಚಯವಿದ್ದ ಶಿಶುವೈದ್ಯರೊಬ್ಬರಲ್ಲಿಗೆ ಕಳುಹಿಸಿದೆ. ಅವರು ದೊಡ್ಡ ಆಸ್ಪತ್ರೆಯೊಂದಕ್ಕೆ ಚೀಟಿ ಬರೆದುಕೊಟ್ಟರು. ಮುಂದಿನ ಕಥೆಯನ್ನು ಅದರ ಸ್ಥಾನದಲ್ಲಿ ಹೇಳುತ್ತೇನೆ.

ಇಂಥ ಮಗುವನ್ನು ಪರೀಕ್ಷಿಸುವ ಶಾಸ್ತ್ರ ನಮ್ಮ ದೇಶಕ್ಕೆ ನಿನ್ನೆ ಮೊನ್ನೆ ಬಂದುದಲ್ಲ. ಲಂಡನ್ ನಗರಾಡಳಿತವು 1913ರಲ್ಲಿ ಸಿರಿಲ್ ಬರ್ಟ್ ಎಂಬವರನ್ನು ಶಾಲೆಗಳಿಗಾಗಿ ಮನಶ್ಶಾಸ್ತ್ರಜ್ಞರೆಂದು ನೇಮಿಸಿಕೊಂಡಿತು. ಅದಾದ ಹನ್ನೊಂದು ವರ್ಷಗಳಿಗೆ, 1924ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯವು ಮನಶ್ಶಾಸ್ತ್ರ ವಿಭಾಗವನ್ನು ತೆರೆಯಿತು. ಕಲ್ಕತ್ತೆಯನ್ನು ಬಿಟ್ಟರೆ ದೇಶದಲ್ಲಿ ಅದೇ ಮೊದಲು. ಅದರ ಮುಖ್ಯಸ್ಥರು ಎಂ. ವಿ. ಗೋಪಾಲಸ್ವಾಮಿಯವರು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಸ್ಥಾಪಿಸಿದವರೂ ಇವರೇ. ನಾವು ಅವರನ್ನು ಬಾನುಲಿಗಾಗಿ ನೆನೆಯುತ್ತೇವೆ, ಅವರ ನಿಜವಾದ ವಿದ್ಯೆಯನ್ನು ಮರೆತಿದ್ದೇವೆ.

ನಮ್ಮಂಥ ಹೊರನಾಡಿಗರಿಗೆ ಇನ್ನೂ ಹತ್ತಿರದ ಸಂಗತಿಯೊಂದಿದೆ. ಫ್ರಾನ್ಸಿನ ಬಿನೆ ರೂಪಿಸಿದ ಬುದ್ಧಿಮಾಪನ ಪರೀಕ್ಷೆಯನ್ನು ಧಾರವಾಡದಲ್ಲಿ ವಿ. ವಿ. ಕಾಮತರು ಭಾರತೀಯ ಮಕ್ಕಳಿಗೆ ಅಳವಡಿಸಿದರು. ಅವರು ಆರಿಸಿಕೊಂಡ ಭಾಷೆಗಳು ಎರಡು: ಕನ್ನಡ ಮತ್ತು ಮರಾಠಿ. 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಆ ಕುರಿತ ಅವರ ಲೇಖನ ಪ್ರಕಟವಾಯಿತು, 1940ರಲ್ಲಿ ಪುಸ್ತಕವೂ ಬಂದಿತು. ಬಿನೆ-ಕಾಮತ್ ಪರೀಕ್ಷೆಯ ಹೆಸರನ್ನು ಇಂದಿಗೂ ಮನಶ್ಶಾಸ್ತ್ರಜ್ಞರ ವರದಿಗಳಲ್ಲಿ ಕಾಣಬಹುದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಎಂಬ ಸ್ಥಿತಿಯಲ್ಲಿ ಬೆಳೆಯುವ ಮುಂಬಯಿ ಪುಣೆಗಳ ನಮ್ಮ ಮಕ್ಕಳಿಗೆ ಹೇಳಿ ಮಾಡಿಸಿದಂಥ ಕೆಲಸ ತೊಂಬತ್ತು ವರ್ಷಗಳ ಹಿಂದೆಯೇ ಆಗಿತ್ತು! ಮುಂಬಯಿಯಲ್ಲಿಯೂ ಟಾಟಾ ಸಮಾಜಕಾರ್ಯ ವಿದ್ಯಾಸಂಸ್ಥೆಯವರು 1937ರಲ್ಲೇ ಮಕ್ಕಳ ಮಾರ್ಗದರ್ಶನ ಕೇಂದ್ರವನ್ನು ತೆರೆದಿದ್ದರು. ದೇಶದಲ್ಲಿ ಅದು ಮೊದಲನೆಯದೆಂದು ಹೇಳುತ್ತಾರೆ.

ಆರಂಭ ಇಷ್ಟು ಚೆನ್ನಾಗಿದ್ದೂ ಬೆಳೆ ಏಕೆ ಬರಲಿಲ್ಲ? ವರದಿಗಳಲ್ಲಿ ನೋಡಿದರೆ ಎಲ್ಲವೂ ಇದೆ. 1952-53ರ ಮುದಲಿಯಾರ್ ಆಯೋಗ ಶಾಲೆಗಳಿಗೆ ಮಾರ್ಗದರ್ಶನಾಧಿಕಾರಿಗಳು ಬೇಕೆಂದಿತು. 1964-66ರ ಕೊಠಾರಿ ಆಯೋಗ ಇನ್ನೂ ವ್ಯಾವಹಾರಿಕವಾಗಿ ಯೋಚಿಸಿ, ಪ್ರತಿ ಪ್ರೌಢಶಾಲೆಗೂ ಒಬ್ಬರನ್ನು ಕೊಡಲಾಗದಿದ್ದರೆ ಹತ್ತು ಶಾಲೆಗಳ ಗುಂಪಿಗೆ ಸಂದರ್ಶಕ ಸಲಹೆಗಾರರೊಬ್ಬರಾದರೂ ಇರಲಿ, ಸಣ್ಣಪುಟ್ಟ ಕೆಲಸಗಳಲ್ಲಿ ಉಪಾಧ್ಯಾಯರು ಅವರಿಗೆ ನೆರವಾಗಲಿ ಎಂದು ಸೂಚಿಸಿತು. ಹತ್ತು ಶಾಲೆಗೆ ಒಬ್ಬರು! ಇದು ಕನಿಷ್ಠ ಕಾರ್ಯಕ್ರಮವೆಂದು ಹೇಳಿದ್ದು. ಆರು ದಶಕಗಳು ಕಳೆದ ಮೇಲೆ ಇಂದು ಅದೇ ಗರಿಷ್ಠದ ಕನಸಾಗಿ ತೋರುತ್ತದೆ.

ಲೆಕ್ಕವನ್ನೊಮ್ಮೆ ಹಾಕಿ ನೋಡೋಣ. 2015ರಲ್ಲಿ ಸಂಸತ್ತಿಗೆ ತಿಳಿಸಿದ ಪ್ರಕಾರ ಇಡೀ ದೇಶದಲ್ಲಿದ್ದ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಸಂಖ್ಯೆ 898. ಶಿಕ್ಷಣ ಇಲಾಖೆಯ 2023-24ರ ಅಂಕಿಅಂಶಗಳಲ್ಲಿ ಶಾಲೆಗಳು ಸುಮಾರು 14.7 ಲಕ್ಷ, ವಿದ್ಯಾರ್ಥಿಗಳು 24.8 ಕೋಟಿ. ಆ 898 ಮಂದಿ ಆಸ್ಪತ್ರೆಯ ಬೇರೆಲ್ಲ ರೋಗಿಗಳನ್ನೂ ಕೈಬಿಟ್ಟು ಶಾಲೆಗಳಿಗೇ ಹೊರಟರೂ ಒಬ್ಬೊಬ್ಬರ ಪಾಲಿಗೆ ಬರುವುದು 1,600ಕ್ಕೂ ಹೆಚ್ಚು ಶಾಲೆ. ಅನಂತರದ ವರ್ಷಗಳಲ್ಲಿ ಅವರ ಸಂಖ್ಯೆ ಹೆಚ್ಚಿದೆ, ನಿಜ. ಐದು ಪಟ್ಟಾಯಿತೆಂದು ಉದಾರವಾಗಿ ಹಿಡಿದರೂ ಒಬ್ಬರಿಗೆ ಮುನ್ನೂರಕ್ಕೂ ಅಧಿಕ ಶಾಲೆಗಳು. ವರ್ಷದಲ್ಲಿ ಶಾಲೆ ನಡೆಯುವುದೇ ಇನ್ನೂರಿಪ್ಪತ್ತು ದಿನ! ಬ್ಯಾಂಕಿನ ಭಾಷೆಯಲ್ಲಿ ಇದನ್ನು ಕೊರತೆಯೆನ್ನುವುದಿಲ್ಲ, ದಿವಾಳಿಯೆನ್ನುತ್ತಾರೆ.

ಕಾರಣಗಳು ಗೂಢವಾದವುಗಳಲ್ಲ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಾಗಿ ನೋಂದಾಯಿತರಾಗಲು ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ಎಂ.ಫಿಲ್. ತರಬೇತಿ ಬಹುಕಾಲದವರೆಗೆ ಹೆಬ್ಬಾಗಿಲಾಗಿತ್ತು. ಆಸ್ಪತ್ರೆಯಲ್ಲಿ ಹಿರಿಯರ ಕೈಕೆಳಗೆ ಕಲಿಯಬೇಕಾದ ವಿದ್ಯೆಯಾದ್ದರಿಂದ ಸ್ಥಾನಗಳು ಬೆರಳೆಣಿಕೆಯಷ್ಟು. ಅಷ್ಟು ಓದಿ ಹೊರಬಂದವರನ್ನು ಶಾಲೆ ಯಾವ ಸಂಬಳಕ್ಕೆ ಕರೆಯುತ್ತದೆ? ಬಹುಪಾಲು ಶಾಲೆಗಳಲ್ಲಿ ಅದು ಗುತ್ತಿಗೆಯ ಹುದ್ದೆ, ಬಡ್ತಿಯಿಲ್ಲ, ರಜೆಯ ತಿಂಗಳ ವೇತನವೂ ಸಂದೇಹ. ಸಿ.ಬಿ.ಎಸ್.ಇ. ಮಂಡಳಿಯು 2008ರಲ್ಲೇ ಪ್ರೌಢಶಾಲೆಗಳಿಗೆ ಪೂರ್ಣಾವಧಿ ಸಲಹೆಗಾರರನ್ನು ನೇಮಿಸುವಂತೆ ಸುತ್ತೋಲೆ ಕಳುಹಿಸಿತು. ನೇಮಕವಾದ ಕಡೆಗಳಲ್ಲಿಯೂ ಸಲಹೆಗಾರ್ತಿಯೊಬ್ಬರು ಸಾವಿರಾರು ಮಕ್ಕಳಿಗೆ ಹಂಚಿಹೋಗಿ, ಪ್ರವೇಶದ ಅರ್ಜಿ ತಿರುವಿಹಾಕುವುದು, ರಜೆಯ ಮೇಲಿರುವ ಉಪಾಧ್ಯಾಯಿನಿಯ ತರಗತಿಯಲ್ಲಿ ಕೂರುವುದು, ವಾರ್ಷಿಕೋತ್ಸವದ ನಿರೂಪಣೆ ಇತ್ಯಾದಿಗಳಲ್ಲಿ ಮುಳುಗಿರುವುದನ್ನು ನಾನು ಕಂಡಿದ್ದೇನೆ. ಇನ್ನು ಮಹಾನಗರಪಾಲಿಕೆಯ ಶಾಲೆಗಳು, ಅನುದಾನಿತ ಭಾಷಾ ಮಾಧ್ಯಮದ ಶಾಲೆಗಳು, ರಾತ್ರಿ ಶಾಲೆಗಳು—ಅಲ್ಲಿ ಇಂಥ ಹುದ್ದೆಯ ಮಾತೆತ್ತಿದರೆ ಮುಖ್ಯೋಪಾಧ್ಯಾಯರು ಮುಗುಳ್ನಕ್ಕು ಮೊದಲು ಗಣಿತದ ಉಪಾಧ್ಯಾಯರನ್ನು ಕೊಡಿಸಿ ಎನ್ನುತ್ತಾರೆ. ಅವರನ್ನು ದೂಷಿಸುವಂತಿಲ್ಲ. ಸಿರಿವಂತ ದೇಶಗಳಿಗೂ ಈ ಬಾಧೆ ತಪ್ಪಿಲ್ಲವೆಂಬುದು ನಮಗೆ ಸಮಾಧಾನವಾಗಬಾರದು, ಆದರೂ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ 2023ರ ಸರಕಾರಿ ಅಧ್ಯಯನವೊಂದರಲ್ಲಿ ನೂರಕ್ಕೆ 88ರಷ್ಟು ಸ್ಥಳೀಯ ಆಡಳಿತಗಳು ಶೈಕ್ಷಣಿಕ ಮನಶ್ಶಾಸ್ತ್ರಜ್ಞರ ನೇಮಕಾತಿಯೇ ಕಷ್ಟವಾಗಿದೆಯೆಂದು ಒಪ್ಪಿಕೊಂಡವು.

ಇಷ್ಟಾದರೂ ಕಾನೂನು ಸುಮ್ಮನೆ ಕುಳಿತಿಲ್ಲ. ಈ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿಗಳನ್ನು ನೀಡುವ ವಿಷಯದಲ್ಲಿ ಮಹಾರಾಷ್ಟ್ರ ಸರಕಾರ 1996ರಷ್ಟು ಹಿಂದೆಯೇ ಮುಂದಾಯಿತು. ಪ್ರಮಾಣಪತ್ರ ಪಡೆದ ವಿದ್ಯಾರ್ಥಿಗೆ ನೂರಕ್ಕೆ 25ರಷ್ಟು ಹೆಚ್ಚುವರಿ ಸಮಯ, ಕಾಗುಣಿತ ದೋಷಗಳನ್ನು ಮನ್ನಿಸುವುದು, ಒಂದು ಭಾಷೆಯ ಬದಲು ಕಾರ್ಯಾನುಭವದ ವಿಷಯ, ಬೀಜಗಣಿತ ರೇಖಾಗಣಿತಗಳ ಬದಲು ಏಳನೆಯ ತರಗತಿಯ ಮಟ್ಟದ ಅಂಕಗಣಿತ, ಅಗತ್ಯವಿದ್ದಲ್ಲಿ ಉತ್ತರ ಬರೆದುಕೊಡುವ ಸಹಾಯಕ—ಇವೆಲ್ಲ ದೊರೆಯುವಂತಾಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಗುರುತಿಸಿದ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಸೇರಿತು. 2018ರ ಜನವರಿಯಲ್ಲಿ ಕೇಂದ್ರ ಸರಕಾರ ಪ್ರಕಟಿಸಿದ ಮಾರ್ಗಸೂಚಿಯು ಪ್ರತಿ ಶಾಲೆಯಲ್ಲೂ ಮುಖ್ಯೋಪಾಧ್ಯಾಯರ ಅಧ್ಯಕ್ಷತೆಯಲ್ಲಿ ತಪಾಸಣಾ ಸಮಿತಿಯಿರಬೇಕು, ಮೂರನೆಯ ತರಗತಿಯಲ್ಲಿ ಅಥವಾ ಎಂಟನೆಯ ವಯಸ್ಸಿನಲ್ಲಿ, ಯಾವುದು ಮೊದಲೋ ಆಗ, ಮಕ್ಕಳನ್ನು ಪರಿಶೀಲಿಸಬೇಕು ಎಂದಿತು. ತೀರ ಈಚೆಗೆ, 2025ರ ಜುಲೈನಲ್ಲಿ, ವಿಶಾಖಪಟ್ಟಣದಲ್ಲಿ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಓದುತ್ತಿದ್ದ ವಿದ್ಯಾರ್ಥಿನಿಯ ಮರಣದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ನೂರು ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಅರ್ಹ ಸಲಹೆಗಾರರನ್ನೋ ಮನಶ್ಶಾಸ್ತ್ರಜ್ಞರನ್ನೋ ಸಮಾಜಕಾರ್ಯಕರ್ತರನ್ನೋ ಒಬ್ಬರನ್ನಾದರೂ ಹೊಂದಿರತಕ್ಕದ್ದೆಂದು ಆದೇಶಿಸಿತು.

ಚೆಕ್ಕು ಬರೆದುಕೊಟ್ಟಾಗಿದೆ, ಸಹಿಯೂ ಸರಿಯಾಗಿದೆ. ಪಾವತಿ ಮಾಡುವ ಕೌಂಟರಿನಲ್ಲಿ ಮಾತ್ರ ಗುಮಾಸ್ತನಿಲ್ಲ.

ಆ ಕೌಂಟರು ಯಾವುದೆಂದರೆ ಪ್ರಮಾಣಪತ್ರ ಕೊಡುವ ಆಸ್ಪತ್ರೆ. ಮುಂಬಯಿಯಲ್ಲಿ ಸಯನ್, ನಾಯರ್ ಮತ್ತು ಕೆ.ಇ.ಎಂ. ಆಸ್ಪತ್ರೆಗಳಲ್ಲಿ ಕಲಿಕಾ ನ್ಯೂನತೆಯ ವಿಭಾಗಗಳಿವೆ. ದೇಶದಲ್ಲಿ ಇದು ದೊಡ್ಡ ಅನುಕೂಲವೆಂದೇ ಹೇಳಬೇಕು. ಆದರೆ ಪರೀಕ್ಷೆಯು ರಕ್ತ ತೆಗೆದು ಸಂಜೆಗೆ ವರದಿ ಕೊಡುವಂಥದಲ್ಲ. ಮೊದಲು ಕಣ್ಣು ಮತ್ತು ಕಿವಿಗಳ ತಪಾಸಣೆ. ಶಿಶುವೈದ್ಯರಿಂದ ಹುಟ್ಟಿನಿಂದ ಇಲ್ಲಿಯವರೆಗಿನ ಬೆಳವಣಿಗೆಯ ವಿಚಾರಣೆ. ಮನಶ್ಶಾಸ್ತ್ರಜ್ಞರಿಂದ ಬುದ್ಧಿಮಾಪನ, ನಾಗಪುರದಲ್ಲಿ ಫಾದರ್ ಮಾಲಿನ್ ಸಿದ್ಧಪಡಿಸಿದ ಪರೀಕ್ಷೆ ಇದಕ್ಕೆ ಬಳಕೆಯಲ್ಲಿದೆ. ಬುದ್ಧಿಲಬ್ಧ 85ಕ್ಕಿಂತ ಮೇಲಿದ್ದರೆ ಮುಂದಿನ ಹಂತ: ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ರೂಪಿಸಿದ ಓದು, ಬರಹ, ಲೆಕ್ಕಗಳ ಪರೀಕ್ಷಾಮಾಲೆ. ಮನಸ್ಸಿನ ಬೇಗುದಿ ಕಾರಣವಲ್ಲವೆಂದು ಖಚಿತಪಡಿಸಲು ಮನೋವೈದ್ಯರ ಭೇಟಿ. ಒಂದು ಮಗುವಿಗೆ ಹಲವಾರು ಗಂಟೆಗಳ ಕೆಲಸ, ಅದೂ ಮಗು ದಣಿಯದಂತೆ ಬೇರೆ ಬೇರೆ ದಿನಗಳಲ್ಲಿ. ಎಷ್ಟೇ ದಕ್ಷರಾದರೂ ಒಬ್ಬರು ದಿನಕ್ಕೆ ಎಷ್ಟು ಮಕ್ಕಳನ್ನು ನೋಡಿಯಾರು?

ನಮ್ಮ ಹೋಟೆಲಿನ ಹುಡುಗನಿಗೆ ಮೊದಲ ಚೀಟಿಯಿಂದ ಪ್ರಮಾಣಪತ್ರದವರೆಗೆ ಒಂದು ಶಾಲಾವರ್ಷದ ಬಹುಭಾಗವೇ ಕಳೆಯಿತು. ತಂದೆ ಅಂಗಡಿ ಬಿಟ್ಟು ಬರುವಂತಿಲ್ಲ; ತಾಯಿಗೆ ಕನ್ನಡವಲ್ಲದೆ ಬೇರೆ ಭಾಷೆ ಸರಾಗವಿಲ್ಲ. ಒಂದು ದಿನ ದುಭಾಷಿಯಾಗಿ ನಾನೇ ಜೊತೆಗೆ ಹೋದೆ. ಮನಶ್ಶಾಸ್ತ್ರಜ್ಞೆಯು ಎಳೆಯ ವಯಸ್ಸಿನವರು, ಸಹನಶೀಲರು, ಮರಾಠಿ ಹಿಂದಿ ಇಂಗ್ಲಿಷುಗಳನ್ನು ಬಲ್ಲವರು. ಎಷ್ಟು ತಿಂಗಳಿಗೆ ಮಾತು ಬಂತು, ಎಡ ಬಲ ಗೊತ್ತಾಗುತ್ತಿತ್ತೇ, ಹಾಡಿನ ಪ್ರಾಸ ಹಿಡಿಯುತ್ತಿದ್ದನೇ ಎಂದೆಲ್ಲ ಕೇಳಿದರು. ತಾಯಿ ಒಂದೇ ಮಾತಿನಲ್ಲಿ ಹೇಳಿದರು: “ಇವನಿಗೆ ಬಾಯಲ್ಲಿ ಎಲ್ಲ ಬರುತ್ತದೆ ಅಮ್ಮಾ, ಕೈಗೆ ಇಳಿಯುವುದಿಲ್ಲ.” ಅದನ್ನು ಹಿಂದಿಗೆ ತರುವಾಗ ನನಗೆ ತಡವಾಯಿತು. ನಾನು ಕೊಟ್ಟ ಅನುವಾದದಲ್ಲಿ ಅರ್ಥವಿತ್ತು, ಆ ತಾಯಿಯ ಹನ್ನೆರಡು ವರ್ಷಗಳ ನಿರೀಕ್ಷಣೆ ಇರಲಿಲ್ಲ. ಬ್ಯಾಂಕಿನ ಅಧಿಕಾರಿ ದುಭಾಷಿಯಾಗಬಾರದ ಸ್ಥಳವೊಂದಿದ್ದರೆ ಅದು ಅದೇ ಎಂದು ನನಗನ್ನಿಸಿತು.

ಹೊರನಾಡ ಕನ್ನಡಿಗರಿಗೆ ಅಭಾವವು ಇಮ್ಮಡಿಯಾಗುವುದು ಇಲ್ಲಿಯೇ. ನಮ್ಮ ಮಗು ಮನೆಯಲ್ಲಿ ಕನ್ನಡ (ಅಥವಾ ತುಳು, ಕೊಂಕಣಿ), ತರಗತಿಯಲ್ಲಿ ಇಂಗ್ಲಿಷ್, ಆಟದಲ್ಲಿ ಹಿಂದಿ. ಮಹಾರಾಷ್ಟ್ರದಲ್ಲಿ 2020ರ ಕಾಯಿದೆಯ ಮೇರೆಗೆ ಎಲ್ಲ ಮಂಡಳಿಗಳ ಶಾಲೆಗಳಲ್ಲೂ ಮರಾಠಿ ಕಡ್ಡಾಯವಾಯಿತು. ನಾಲ್ಕು ಭಾಷೆ ಕಲಿಯುವುದು ಸಂಪತ್ತೇ ಸರಿ, ಆ ಬಗ್ಗೆ ನನಗೆ ತಕರಾರಿಲ್ಲ. ಆದರೆ ಒಂದು ಮಗು ಇಂಗ್ಲಿಷಿನ ಪಾಠವನ್ನು ಓದಲಾರದಿದ್ದಾಗ ಅದು ಕಲಿಕಾ ನ್ಯೂನತೆಯೋ, ಅಥವಾ ಆ ಭಾಷೆಯೇ ಇನ್ನೂ ಒಲಿದಿಲ್ಲವೋ ಎಂಬುದನ್ನು ನಿರ್ಣಯಿಸುವುದು ಸುಲಭವಲ್ಲ. ಬ್ಯಾಂಕು, ರೈಲ್ವೆ, ರಕ್ಷಣಾ ಇಲಾಖೆಗಳ ನೌಕರರ ಮಕ್ಕಳನ್ನು ನೋಡಿ: ಎರಡನೆಯ ತರಗತಿ ಹುಬ್ಬಳ್ಳಿಯಲ್ಲಿ, ನಾಲ್ಕನೆಯದು ಚೆನ್ನೈಯಲ್ಲಿ, ಆರನೆಯದು ಹೈದರಾಬಾದಿನಲ್ಲಿ. ವರ್ಗಾವಣೆಯ ಆದೇಶವೊಂದು ಮಗುವಿನ ಲಿಪಿಯನ್ನೇ ಬದಲಿಸಿಬಿಡುತ್ತದೆ. ಇಂಥ ಮಗುವಿನ ಹಿನ್ನಡೆಗೆ ನ್ಯೂನತೆಯ ಹಣೆಪಟ್ಟಿ ಕಟ್ಟುವುದೂ ಅನ್ಯಾಯ. ನಿಜವಾದ ನ್ಯೂನತೆಯಿರುವ ಮಗುವನ್ನು “ಭಾಷೆ ಹೊಸದು, ಮುಂದೆ ಸರಿಹೋಗುತ್ತದೆ” ಎಂದು ಆರು ವರ್ಷ ತಳ್ಳುವುದೂ ಅನ್ಯಾಯ. ಎರಡೂ ನಡೆಯುತ್ತಿವೆ.

ಕನ್ನಡ ಲಿಪಿಯ ಸ್ವಭಾವವೂ ಬೇರೆ. ಇಂಗ್ಲಿಷಿನ ಮಗು 26 ಅಕ್ಷರಗಳನ್ನು ಕಲಿತರೆ ಅಕ್ಷರಾಭ್ಯಾಸ ಮುಗಿಯಿತು. ನಮ್ಮಲ್ಲಿ ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿ ನೂರಾರು ರೂಪಗಳು. ಬೆಂಗಳೂರಿನ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು, ಕನ್ನಡದ ಅಕ್ಷರಜ್ಞಾನ ಮೊದಲ ವರ್ಷದಲ್ಲೇ ಪೂರೈಸದೆ ನಾಲ್ಕನೆಯ ತರಗತಿಯವರೆಗೂ ಬೆಳೆಯುತ್ತಿರುತ್ತದೆಂದು ತೋರಿಸಿತು. ಹಾಗಿರುವಾಗ ಇಂಗ್ಲಿಷಿನ ಅಳತೆಗೋಲಿನಿಂದ ಕನ್ನಡದ ಮಗುವನ್ನು ಅಳೆಯುವುದು ಗಜಕಡ್ಡಿಯಿಂದ ಹಾಲನ್ನು ಅಳೆದಂತೆ. ವ ಮತ್ತು ಮ, ಪ ಮತ್ತು ಷ ಇವುಗಳಲ್ಲಿ ಮಗು ಎಡವುವುದು ಎಷ್ಟರವರೆಗೆ ಸಹಜ, ಎಲ್ಲಿಂದ ಅಸಹಜ ಎಂಬುದನ್ನು ಕನ್ನಡ ಬಲ್ಲ ತಜ್ಞರೇ ಹೇಳಬಲ್ಲರು. ಮಗುವಿನ ಮನೆಮಾತಿನಲ್ಲಿ ಒಮ್ಮೆ ಓದಿಸಿ ನೋಡುವ ತಜ್ಞರು ದೊರೆತರೆ ಸಂದೇಹದ ಅರ್ಧ ಭಾಗ ಅಲ್ಲೇ ಪರಿಹಾರವಾಗುತ್ತದೆ.

ಅಭಾವದ ಬೆಲೆಯನ್ನು ಯಾರು ತೆರುತ್ತಾರೆಂದು ಆರಂಭದಲ್ಲಿ ಕೇಳಿದ್ದೆ. ಹಣವಿದ್ದವರು ಹಲವು ಸಾವಿರ ರೂಪಾಯಿ ಕೊಟ್ಟು ಖಾಸಗಿಯಾಗಿ ಪರೀಕ್ಷೆ ಮಾಡಿಸಿ, ಆ ವರದಿಯೊಂದಿಗೆ ಆಸ್ಪತ್ರೆಗೆ ಹೋಗುತ್ತಾರೆ. ಇಲ್ಲದವರು ಸರದಿಯಲ್ಲಿ ಕಾಯುತ್ತಾರೆ. ತಿಳಿಯದವರು ಕಾಯುವುದೂ ಇಲ್ಲ; ಅವರ ಮಕ್ಕಳು ಒಂಬತ್ತನೆಯ ತರಗತಿಯಲ್ಲಿ ನಪಾಸಾಗಿ ಶಾಲೆ ಬಿಡುತ್ತಾರೆ, ಜನಗಣತಿಯಲ್ಲಿ ‘ಶಾಲೆ ಬಿಟ್ಟವರು’ ಎಂಬ ಅಂಕಣದಲ್ಲಿ ಸೇರಿಹೋಗುತ್ತಾರೆ. ಅನುಕೂಲಸ್ಥರಲ್ಲಿ ಕೆಲವರು ಹೆಚ್ಚುವರಿ ಸಮಯದ ಆಸೆಗಾಗಿ ಪ್ರಮಾಣಪತ್ರ ಹುಡುಕುತ್ತಾರೆಂಬ ದೂರು ನನ್ನ ಕಿವಿಗೂ ಬಿದ್ದಿದೆ. ಸಹಾಯಧನವಿರುವ ಕಡೆ ದುರುಪಯೋಗವೂ ಇರುತ್ತದೆ, ಸಾಲದ ವಿಭಾಗದಲ್ಲಿ ಕೆಲಸ ಮಾಡಿದವರಿಗೆ ಇದು ಹೊಸತಲ್ಲ. ಅದಕ್ಕಾಗಿ ಯೋಜನೆಯನ್ನೇ ಮುಚ್ಚುವುದಿಲ್ಲ, ತಪಾಸಣೆಗೆ ಜನರನ್ನು ಹೆಚ್ಚಿಸುತ್ತಾರೆ.

ಇನ್ನೊಂದು ಬೆಲೆ ಅಂಕಿಗೆ ಸಿಗುವುದಿಲ್ಲ. ವರ್ಷಾನುಗಟ್ಟಲೆ “ದಡ್ಡ, ಸೋಮಾರಿ” ಎಂದು ಕೇಳಿಸಿಕೊಂಡ ಮಗು ಅದನ್ನು ನಂಬಿಬಿಡುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17ರ ವಯಸ್ಸಿನವರಲ್ಲಿ ನೂರಕ್ಕೆ 7.3ರಷ್ಟು ಮಕ್ಕಳಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತು. ಅಪರಾಧ ದಾಖಲೆಗಳ ಕೇಂದ್ರದ ವರದಿಯಂತೆ 2022ರಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,000ಕ್ಕೂ ಅಧಿಕ. ಇವರೆಲ್ಲರಿಗೂ ಕಲಿಕಾ ನ್ಯೂನತೆ ಇತ್ತೆಂದು ಯಾರೂ ಹೇಳುವುದಿಲ್ಲ, ನಾನೂ ಹೇಳುತ್ತಿಲ್ಲ. ಆದರೆ ಸಂಕಟವನ್ನು ಮೊದಲು ಗುರುತಿಸಬೇಕಾದ ವ್ಯಕ್ತಿ ಶಾಲೆಯಲ್ಲಿ ಇಲ್ಲವೆಂಬುದು ಎರಡಕ್ಕೂ ಸಮಾನ. ಕಂಗೆಟ್ಟ ಮಗುವಿಗಾಗಲಿ ತಂದೆತಾಯಿಗಾಗಲಿ ತುರ್ತು ಸಮಾಧಾನ ಬೇಕಾದಾಗ, 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆ 14416 ಸಂಖ್ಯೆಯಲ್ಲಿ, ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಲಭ್ಯವಿದೆ. ಅದು ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡುವ ಸ್ಥಳವಲ್ಲ. ಆದರೆ ನಡುರಾತ್ರಿಯಲ್ಲಿಯೂ ಮಾತನಾಡಲು ಒಬ್ಬರಿರುತ್ತಾರೆ.

ತಂದೆತಾಯಂದಿರು ಮಾಡಬಹುದಾದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬಾಯಿಪಾಠದಲ್ಲಿ ಚುರುಕಾಗಿದ್ದು ಬರಹದಲ್ಲಿ ಹಿಂದುಳಿಯುವುದು, ಒಂದೇ ಪದವನ್ನು ಒಂದೇ ಪುಟದಲ್ಲಿ ಮೂರು ಬಗೆಯಾಗಿ ಬರೆಯುವುದು, ಗಟ್ಟಿಯಾಗಿ ಓದಬೇಕಾದ ದಿನ ಹೊಟ್ಟೆನೋವು ಬರುವುದು—ಇವು ಎಂಟನೆಯ ವಯಸ್ಸು ದಾಟಿದ ಮೇಲೂ ಉಳಿದಿದ್ದರೆ ಸುಮ್ಮನಿರಬಾರದು. ಮೊದಲು ಕಣ್ಣು ಕಿವಿ. ಅನಂತರ ತಪಾಸಣಾ ಸಮಿತಿಯ ಮುಂದೆ ಮಗುವನ್ನು ಪರಿಶೀಲಿಸಬೇಕೆಂದು ಮುಖ್ಯೋಪಾಧ್ಯಾಯರಿಗೆ ಬರಹದಲ್ಲಿ ವಿನಂತಿ, ಬಾಯಿಮಾತಿಗೆ ಕಡತವಿರುವುದಿಲ್ಲ. ಹಳೆಯ ನೋಟುಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಆಸ್ಪತ್ರೆಯಲ್ಲಿ ಅವು ಅಂಕಪಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ. ಐದನೆಯ ಆರನೆಯ ತರಗತಿಯಲ್ಲೇ ಹೋಗಿ, ಹತ್ತನೆಯದರ ಅರ್ಜಿ ತುಂಬುವ ತಿಂಗಳವರೆಗೆ ಕಾಯಬೇಡಿ. ಮತ್ತು ಪ್ರಮಾಣಪತ್ರವೇ ಚಿಕಿತ್ಸೆಯಲ್ಲವೆಂಬುದು ನೆನಪಿರಲಿ. ಚಿಕಿತ್ಸೆಯೆಂದರೆ ವಿಶೇಷ ಶಿಕ್ಷಕರಿಂದ ವಾರಕ್ಕೆ ಎರಡು ಮೂರು ಬಾರಿ, ವರ್ಷಗಳ ಕಾಲ, ತಾಳ್ಮೆಯಿಂದ ನಡೆಯುವ ಪರಿಹಾರ ಬೋಧನೆ. ಆ ಶಿಕ್ಷಕರ ಅಭಾವವೂ ಇದಕ್ಕೇನೂ ಕಡಮೆಯಿಲ್ಲ. ನಮ್ಮಲ್ಲಿ ‘ಮನಸ್ಸಿನ ಡಾಕ್ಟರು’ ಎಂದೊಡನೆ ಹುಚ್ಚಿನ ನೆನಪಾಗಿ, ನಾಳೆ ಮಗಳ ಸಂಬಂಧಕ್ಕೆ ತೊಡಕಾದೀತೆಂದು ಮುಚ್ಚಿಡುವವರಿದ್ದಾರೆ. ಓದಿನ ತೊಂದರೆಗೆ ತಜ್ಞರನ್ನು ಕಾಣುವುದು ಕನ್ನಡಕದ ಅಂಗಡಿಗೆ ಹೋದಷ್ಟೇ ಸಹಜವೆಂದು ಮನೆಯ ಹಿರಿಯರು ಹೇಳಿದರೆ ಕೆಲಸ ಹಗುರಾಗುತ್ತದೆ.

ಆ ಹುಡುಗ ಹತ್ತನೆಯ ತರಗತಿಯನ್ನು ಒಂದು ಭಾಷೆ ಬಿಟ್ಟು, ಹೆಚ್ಚುವರಿ ಸಮಯ ಪಡೆದು, ದ್ವಿತೀಯ ದರ್ಜೆಯಲ್ಲಿ ದಾಟಿದ. ತಂದೆಗೆ ಮಾತ್ರ ಇನ್ನೂ ಪೂರ್ತಿ ನಂಬಿಕೆಯಿಲ್ಲ. “ಸರಕಾರದ ಕೃಪೆ” ಎನ್ನುತ್ತಾರೆ. ಕೃಪೆಯಲ್ಲ, ಕಾಯಿದೆ ಎಂದು ನಾನು ಎರಡು ಬಾರಿ ಹೇಳಿದ್ದೇನೆ. ಎಂಟನೆಯ ವಯಸ್ಸಿನಲ್ಲೇ ಗುರುತಿಸಿದ್ದರೆ ಭಾಷೆಯನ್ನು ಬಿಡುವ ಪ್ರಸಂಗವೇ ಬರುತ್ತಿರಲಿಲ್ಲವೇನೋ ಎಂಬುದು ವಿಶೇಷ ಶಿಕ್ಷಕಿಯ ಅಭಿಪ್ರಾಯ. ಅವನು ಬಿಟ್ಟ ಭಾಷೆ ಯಾವುದೆಂಬುದನ್ನು ಹೇಳಲು ಮನಸ್ಸಿಲ್ಲ, ವಾಚಕರು ಊಹಿಸಬಹುದು.

ನಮ್ಮಂಥ ಸಂಘಗಳು ಏನು ಮಾಡಬಲ್ಲವು? ಸರಕಾರದ ಸ್ಥಾನವನ್ನು ನಾವು ತುಂಬಲಾರೆವು. ಆದರೆ ಪ್ರತಿವರ್ಷ ಆರೋಗ್ಯ ಶಿಬಿರ ನಡೆಸುತ್ತೇವೆ: ರಕ್ತದೊತ್ತಡ, ಸಕ್ಕರೆ, ಕಣ್ಣು. ಅದೇ ಸಭಾಂಗಣದಲ್ಲಿ ಎಂಟರಿಂದ ಹತ್ತು ವರ್ಷದ ಮಕ್ಕಳಿಗೆ ಓದಿನ ಪ್ರಾಥಮಿಕ ತಪಾಸಣೆಯ ಮೇಜೊಂದನ್ನು ಹಾಕುವುದಕ್ಕೆ ಹೆಚ್ಚಿನ ಖರ್ಚಿಲ್ಲ. ಕೊಠಾರಿ ಆಯೋಗದ ಸೂತ್ರವನ್ನೇ ಹಿಡಿದು, ಕನ್ನಡ ಮಕ್ಕಳು ಹೆಚ್ಚಾಗಿರುವ ಹತ್ತು ಶಾಲೆಗಳಿಗೆ ತಿಂಗಳಲ್ಲಿ ಎರಡು ದಿನ ಒಬ್ಬ ಮನಶ್ಶಾಸ್ತ್ರಜ್ಞರನ್ನು ಕರೆಸುವ ವೆಚ್ಚವನ್ನು ನಾಲ್ಕಾರು ಸಂಘಗಳು ಹಂಚಿಕೊಳ್ಳಬಹುದು. ಈ ಸಂಚಿಕೆಯ ಜಾಹೀರಾತುದಾರರಲ್ಲಿ ಇಬ್ಬರು ಮನಸ್ಸು ಮಾಡಿದರೂ ಮೊದಲ ವರ್ಷ ಸಾಗುತ್ತದೆಂದು ನನ್ನ ಅಂದಾಜು. ನಿಮ್ಹಾನ್ಸ್‌ನ ಮಾಲವಿಕಾ ಕಪೂರ್ ಮುಂತಾದವರು ಬೆಂಗಳೂರಿನಲ್ಲಿ ಶಾಲಾ ಉಪಾಧ್ಯಾಯರಿಗೇ ತರಬೇತಿ ಕೊಟ್ಟು ಮಕ್ಕಳ ತೊಂದರೆಗಳನ್ನು ಗುರುತಿಸುವ ಕೆಲಸವನ್ನು ದಶಕಗಳ ಹಿಂದೆಯೇ ಮಾಡಿ ತೋರಿಸಿದ್ದಾರೆ. ಈ ನಗರದ ಕನ್ನಡ ಶಾಲೆಗಳಿಂದ ನಿವೃತ್ತರಾದ ಅನುಭವಿ ಉಪಾಧ್ಯಾಯಿನಿಯರು ನಮ್ಮ ನಡುವೆಯೇ ಇದ್ದಾರೆ. ಅವರ ಕೈಗೆ ಇದಕ್ಕಿಂತ ತಕ್ಕ ಕೆಲಸ ಬೇರೊಂದಿಲ್ಲ. ಆಸ್ಪತ್ರೆಯ ವಿಚಾರಣೆಗೆ ಮುನ್ನ ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞರೊಬ್ಬರು, ಅವರು ಬೆಂಗಳೂರಿನಲ್ಲಿದ್ದರೂ ಸರಿಯೇ, ದೂರವಾಣಿಯಲ್ಲಿ ತಾಯಿಯೊಡನೆ ಮಾತನಾಡಿ ಎರಡು ಪುಟದ ಟಿಪ್ಪಣಿಯನ್ನು ಇಂಗ್ಲಿಷಿನಲ್ಲಿ ಬರೆದುಕೊಟ್ಟರೆ, ಬ್ಯಾಂಕಿನ ಅಧಿಕಾರಿಗಳು ದುಭಾಷಿಗಳಾಗುವ ಪ್ರಮೇಯ ಬರುವುದಿಲ್ಲ.

ಮೊದಲ ಹೆಜ್ಜೆಯಾಗಿ ಒಂದು ಪಟ್ಟಿ ಬೇಕು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿರುವ ಕನ್ನಡ, ತುಳು ಅಥವಾ ಕೊಂಕಣಿ ಬಲ್ಲ ಮನಶ್ಶಾಸ್ತ್ರಜ್ಞರು, ವಿಶೇಷ ಶಿಕ್ಷಕರು, ವಾಕ್ ಮತ್ತು ಶ್ರವಣ ತಜ್ಞರು—ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು ಎಲ್ಲ ನಗರಗಳಲ್ಲೂ ಇದ್ದಾರೆ—ಇವರ ಹೆಸರು, ಬಲ್ಲ ಭಾಷೆಗಳು, ವಾರದಲ್ಲಿ ಬಿಡುವಿನ ದಿನ, ಇಷ್ಟನ್ನು ಬರೆದು ಸಂಘದ ಕಾರ್ಯದರ್ಶಿಗಳಿಗೆ ಮೇ ತಿಂಗಳ ಕೊನೆಯೊಳಗೆ ತಲುಪಿಸಿದರೆ, ಜೂನ್‌ನಲ್ಲಿ ಇಲ್ಲಿಯ ಶಾಲೆಗಳು ತೆರೆಯುವ ವೇಳೆಗೆ ಅಚ್ಚು ಮಾಡಿಸಿ ಸದಸ್ಯರಿಗೆ ಹಂಚಬಹುದು. ಅಚ್ಚಿನ ಖರ್ಚನ್ನು ಭರಿಸಲು ಸದಸ್ಯರೊಬ್ಬರು ಈಗಾಗಲೇ ಒಪ್ಪಿದ್ದಾರೆ.